ಗಂಗಾಂಬಿಕಾ ಕಟ್ಟಿದ ಗುಡ್ಡ

ರಸ್ತೆ ಬದಿಯ ದಿಬ್ಬಗಳು ಜರಿಯದಂತೆ ನೋಡಿಕೊಳ್ಳುವುದರಲ್ಲೇ ಗಂಗಾಂಬಿಕಾ ಮೇರಿಲ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದರು. ಸಿವಿಲ್ ಇಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ, 2023ರ ವಸಂತದಲ್ಲಿ ಅವರ ಪಾಲಿಗೆ ಇನ್ನೊಂದು ಗುಡ್ಡ ಬಂತು. ಹನ್ನೆರಡು ಅಡಿ ಉದ್ದದ್ದು, ಎರಡು ಹಕ್ಕಿಗಳಿಗಾಗಿ.

ಪಕ್ಕದ ರಾಜ್ಯದ ಆಲ್ಡಿ ಎಂಬ ಊರಿನ ಹೊಸ ಬಡಾವಣೆಗಳಾಚೆ ಒಂದು ಸಣ್ಣ ಪಕ್ಷಿಧಾಮವಿತ್ತು. ಗಂಗಾಂಬಿಕಾ ಗೈದರ್ಸ್‌ಬರ್ಗ್‌ನ ತಮ್ಮ ಮನೆಯಿಂದ ವಾರಕ್ಕೆರಡು ದಿನ ಹೋಗಿ, ಹಕ್ಕಿಗಳಿಗೆ ಕಾಳು ಹಾಕಿ, ನೀರಿನ ತಟ್ಟೆ ತೊಳೆದು ಬರುತ್ತಿದ್ದರು. ಅಲ್ಲಿನ ಉಸ್ತುವಾರಿ ಮೈಸೂರಿನ ಹುಡುಗಿ ಮುನೀಬಾಳದು. ಅವಳಿಗೆ ತಲೆನೋವಾಗಿದ್ದದ್ದು, ಜನ ಒಳಹೊಕ್ಕು ನೋಡುವಂಥ ದೊಡ್ಡ ಜಾಲರಿಮನೆಯಲ್ಲಿದ್ದ ಆಫ್ರಿಕಾ ಮೂಲದ ಬಂಟಿಂಗ್ ಹಕ್ಕಿಗಳ ಒಂದು ಜೋಡಿ. ಗುಬ್ಬಚ್ಚಿಯಷ್ಟು ಗಾತ್ರ, ದಾಲ್ಚಿನ್ನಿ ಬಣ್ಣದ ಎದೆ, ಗಂಡಿನ ಕರಿ ತಲೆಗೆ ಬಿಳಿ ಪಟ್ಟೆ. ಬಂದು ಎರಡು ವರ್ಷವಾದರೂ ಅವು ಗೂಡು ಕಟ್ಟಿರಲಿಲ್ಲ.

"ಪೊದೆ ಇಟ್ಟೆ, ಬುಟ್ಟಿ ಕಟ್ಟಿದೆ, ನೆಸ್ಟ್ ಬಾಕ್ಸೂ ಟ್ರೈ ಮಾಡ್ದೆ ಆಂಟಿ. ತಿರುಗಿ ಕೂಡ ನೋಡಲ್ಲ."

"ತಮ್ಮ ನಾಡಿನಾಗ ಇವು ಎಲ್ಲಿ ಇರ್ತಾವ?"

"ಕಲ್ಲುಗುಡ್ಡದಲ್ಲಿ. ಮಳೆ ಬಂದ್ಮೇಲೆ ನೆಲದಲ್ಲೇ, ಕಲ್ಲಿನ ಮಗ್ಗುಲಲ್ಲಿ ಗೂಡು ಮಾಡ್ತವೆ."

"ಇಲ್ಲಿ ಬರೇ ಸಪಾಟ ಮರಳು ಹಾಕೀರಲ್ಲವ್ವಾ!"

"ಗುಡ್ಡ ಕಟ್ಟೋರು ಯಾರು ಆಂಟಿ?"

"ನಾ ಅದೀನಲ್ಲ."

ಅಂದಿನಿಂದ ಗಂಗಾಂಬಿಕಾ ಮನೆಯ ಊಟದ ಮೇಜನ್ನು ನಕ್ಷೆಗಳು ಆಕ್ರಮಿಸಿದವು. ಗಂಡ ಸೋಮಲಿಂಗಪ್ಪ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡರು.

"ಎರಡು ಗುಬ್ಬಿಗೆ ಇಷ್ಟೆಲ್ಲಾ ಯಾಕ? ಇದರ ಮ್ಯಾಲೆ ಲಾರಿ ಹಾಯ್ತಾವೇನು?"

"ನೀರು ನಿಂತ್ರ ತತ್ತಿ ಕೆಡ್ತಾವ್ರೀ."

ಹಾಗೆ ಗೊಣಗಿದರೂ ವ್ಯಾನಿನಲ್ಲಿ ಕಲ್ಲು ಹೊತ್ತು ತಂದವರು ಸೋಮಲಿಂಗಪ್ಪನವರೇ. ಮೂರು ವಾರದಲ್ಲಿ ಗುಡ್ಡ ಎದ್ದಿತು. ಇಳಿಜಾರು, ನೀರು ಬಸಿಯುವ ದಾರಿ, ನಡುನಡುವೆ ಹುಲ್ಲಿನ ಗಡ್ಡೆ, ಕಲ್ಲುಗಳ ಸಂದಿನಲ್ಲಿ ಅಳತೆ ಮಾಡಿ ಬಿಟ್ಟ ಆರು ಪೊಟರೆ. ಉಳಿದ ಚೂರುಕಲ್ಲು, ಮಣ್ಣಹೆಂಟೆಗಳನ್ನು ಜಾಲರಿಮನೆಯ ಮುಂಬಾಗಿಲ ಒಳಮಗ್ಗುಲಿಗೆ ಸುರಿದು, ಆಮೇಲೆ ಸಾಗಿಸಿದರಾಯಿತು ಎಂದು ಬಿಟ್ಟರು.

ಮುನೀಬಾ ದಿನವೂ ತುಂತುರು ನೀರು ಹಾರಿಸಿ ಮಳೆ ತರಿಸಿದಳು. ಐದನೆಯ ದಿನ ಗಂಡುಹಕ್ಕಿ ಗುಡ್ಡದ ನೆತ್ತಿಯ ಕಲ್ಲಿನ ಮೇಲೆ ನಿಂತು, ಒಂದೇ ಪುಟ್ಟ ಹಾಡನ್ನು ಅವಸರವಸರವಾಗಿ ಮತ್ತೆ ಮತ್ತೆ ಹಾಡಿತು. ಹೆಣ್ಣು ಕೊಕ್ಕಿನಲ್ಲಿ ಬೇರಿನ ಎಳೆ ಕಚ್ಚಿ ಹಾರಿತು. ಗಂಗಾಂಬಿಕಾ, ಮುನೀಬಾ ಜಾಲರಿಯಾಚೆಯಿಂದ ನೋಡುತ್ತಿದ್ದರು. ಹಕ್ಕಿ ಗುಡ್ಡವನ್ನು ದಾಟಿ, ಆರೂ ಪೊಟರೆಗಳನ್ನು ಬಿಟ್ಟು, ಬಾಗಿಲ ಬಳಿಯ ಕಸದ ರಾಶಿಯ ಮೇಲೆ ಇಳಿಯಿತು.

ಗಂಗಾಂಬಿಕಾ ಮುಖ ಸಣ್ಣಗಾಯಿತು. ಹಕ್ಕಿ ಆಚೆ ಹೋದಾಗ ಬಗ್ಗಿ ನೋಡಿದರು. ಓರೆಯಾಗಿ ಬಿದ್ದ ಚಪ್ಪಡಿಯೊಂದರ ಅಡಿಯಲ್ಲಿ ಅಂಗೈಯಗಲದ ಒಣ ಜಾಗ. ಮೇಲೆ ಮಾಡು, ಹಿಂದೆ ಗೋಡೆ, ಕೆಳಗೆ ನೀರು ಹರಿದುಹೋಗುವ ಚೂರುಕಲ್ಲು. ಅವರಿಗೆ ನಗು ತಡೆಯಲಾಗಲಿಲ್ಲ.

"ಈಕಿ ನನಗಿಂತ ಚಲೋ ಇಂಜಿನಿಯರ್ ಅದಾಳ!"

ಮುನೀಬಾಗೆ ಬೇರೆ ದಿಗಿಲು. "ಶನಿವಾರ ಸ್ಕೂಲ್ ಮಕ್ಕಳು ಬರ್ತಾರೆ ಆಂಟಿ. ಎಲ್ಲರೂ ಈ ಬಾಗಿಲಿಂದ್ಲೇ ಬರ್ಬೇಕು. ಕ್ಯಾನ್ಸಲ್ ಮಾಡ್ಲಾ?"

"ಹಿಂದಿನ ಬಾಗಿಲು ಐತಲ್ಲ?"

"ಅಲ್ಲಿ ನಿಮ್ಮ ಗುಡ್ಡ ಅಡ್ಡ ಇದೆಯಲ್ಲಾ."

ಗಂಗಾಂಬಿಕಾ ಗುಡ್ಡದತ್ತ ಒಮ್ಮೆ ನೋಡಿ, ಕೈಗವಸು ಹಾಕಿಕೊಂಡರು. ಅರ್ಧ ಗುಡ್ಡ ಬಿಚ್ಚಲು ಎರಡು ದಿನ ಸಾಕಾಯಿತು. ಸೋಮಲಿಂಗಪ್ಪ ತಾವೇ ತಂದ ಕಲ್ಲುಗಳನ್ನು ಮರಳಿ ಹೊರಗೆ ಹೊತ್ತರು, ಗೊಣಗುತ್ತಲೇ, ಆದರೆ ಹಕ್ಕಿ ಬೆದರದಂತೆ ಪಿಸುದನಿಯಲ್ಲಿ ಗೊಣಗುತ್ತ. ಶನಿವಾರ ಮಕ್ಕಳು ಹಿಂಬಾಗಿಲಿನಿಂದ ತುದಿಗಾಲಲ್ಲಿ ಬಂದು, ಉಳಿದರ್ಧ ಗುಡ್ಡದ ಮೇಲೆ ಹಾಡುತ್ತಿದ್ದ ಗಂಡುಹಕ್ಕಿಯನ್ನು ಕಣ್ತುಂಬ ನೋಡಿ ಹೋದರು.

ಗೂಡಿನಲ್ಲಿ ಮೂರು ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೂತವು. ಹದಿಮೂರನೆಯ ದಿನ ಬೆಳಿಗ್ಗೆ ಮುನೀಬಾ ಕೈಸನ್ನೆ ಮಾಡಿ ಕರೆದಳು. ನೋಡಿದ್ದೇ ಗಂಗಾಂಬಿಕಾ ಹೊರಗೋಡಿ ಗಂಡನಿಗೆ ಫೋನ್ ಮಾಡಿದರು.

"ರೀ, ಮೂರೂ ಒಡದಾವ್ರೀ!"

"ಏನು, ಕಲ್ಲೇನು?"

"ತತ್ತಿ! ಮರಿ ಬಂದಾವ!"

ಸೋಮಲಿಂಗಪ್ಪ ಮೆಲ್ಲಗೆ ಕೇಳಿದರು: "ನಾ ಈಗ ಬಂದ್ರ ನೋಡಾಕ ಬಿಡ್ತಾರೇನು?"