ಚಂದಾ ನಿಲ್ಲಿಸಿದವರ ಸಾವು

ಸಿಂಧಘಟ್ಟದ ಜಯಲಕ್ಷ್ಮಮ್ಮನ ತಲೆಯ ಮೇಲೆ ಹಲಸಿನ ಹಣ್ಣು ಕೆಡವಿ ಕೊಂದ ಮೇಲೆ ತಾಜ್ ಬೀ ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿ ಒಂದು ಲೋಟ ನೀರು ಕುಡಿದಳು. ಮನಸ್ಸು ಹಗುರಾಯಿತು. ಹಣ್ಣು ಸಾಕಷ್ಟು ದೊಡ್ಡದಿತ್ತು.

ಗಂಜಾಂನ ಮನೆಯಲ್ಲಿ ಕೂತು ಅವಳು ತನ್ನ ಚಾನೆಲ್ಲಿನಲ್ಲಿ ಬುರುಡೆ ಕಥೆ ಹೇಳುತ್ತಿದ್ದಳು. ಕೇಳುವುದು ಬಿಟ್ಟಿ. ಇಷ್ಟವಾದವರು ತಿಂಗಳಿಗೆ ನೂರು ರೂಪಾಯಿ ಚಂದಾ ಕೊಟ್ಟರೆ, ಅವರದೇ ಹೆಸರು, ಅವರದೇ ಊರು ಇಟ್ಟುಕೊಂಡು ಕಥೆಯೊಳಗೆ ಓಡಾಡಬಹುದಿತ್ತು. ಈ ಚಂದಾ ನಂಬಿಕೊಂಡು ಅವಳು ಹೋದ ವರ್ಷ ಮಹಮ್ಮದನ ಟೈಲರ್ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹೊಲಿಯುವ ಕೆಲಸ ಬಿಟ್ಟಿದ್ದಳು. ಬಿಡುವಾಗ ಅವನಿಗೆ ನಾಲ್ಕು ಮಾತು ಆಡಿಯೂ ಬಂದಿದ್ದಳು. ಈಗ ಒಂದನೇ ತಾರೀಖು ಬಂದರೆ ಐದಾರು ಜನ ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದರು. ನೂರಿದ್ದವರು ಐವತ್ತಾರಾಗಿದ್ದರು. ಐವತ್ತಕ್ಕಿಂತ ಕೆಳಗಿಳಿದರೆ ಮತ್ತೆ ಹುಕ್ಕು, ಮತ್ತೆ ಮಹಮ್ಮದನ ಮುಖ.

ಹೋಗಬೇಡಿ ಎಂದು ಬೇಡುವುದು ಅವಳ ಜಾಯಮಾನವಲ್ಲ. ಬಿಟ್ಟು ಹೋದವರನ್ನು ಕಥೆಯೊಳಗೆ ಕೊಲ್ಲತೊಡಗಿದಳು. ಪಾಂಡವಪುರದ ಶ್ರೀಕಂಠಯ್ಯ ಲಾರಿಯಿಂದ ಒಂದೇ ಒಂದು ಕಬ್ಬು ಎಳೆಯಲು ಹೋಗಿ ಇಡೀ ಲೋಡಿನಡಿ ಸೇರಿದರು. ನಾಗಮಂಗಲದ ಹಸೀಬನನ್ನು ಕೆರೆಯ ಮೀನು ನುಂಗಿತು. ರುಚಿ ಹಿಡಿಸದೆ ಉಗಿಯಿತು. ಆ ಅವಮಾನಕ್ಕೇ ಅವನು ಸತ್ತ.

ಹಲಸು ಬಿದ್ದ ಹನ್ನೆರಡನೆಯ ದಿನ ಜಯಲಕ್ಷ್ಮಮ್ಮ ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ತಾಜ್ ಬೀ ಜಗಳಕ್ಕೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆದರೆ ಬಂದವಳು ಕೂತು ತನ್ನ ಅತ್ತೆ ಪುಟ್ಟಲಕ್ಷ್ಮಮ್ಮನ ವಿಷಯ ಶುರುಮಾಡಿದಳು. ಮುದುಕಿ ದಿನಾ ಈ ಕಥೆ ಕೇಳುತ್ತಾಳಂತೆ. ಸೊಸೆ ಸತ್ತ ಭಾಗವನ್ನು ಬೀದಿಯವರನ್ನೆಲ್ಲ ಕರೆದು ನಾಲ್ಕು ಸಲ ಕೇಳಿಸಿದಳಂತೆ. ಹತ್ತನೆಯ ದಿನ ರಾತ್ರಿ, ಬೆಳಿಗ್ಗೆಗೆ ಕಾಳು ನೆನೆಹಾಕು ಎಂದಳಂತೆ.

"ನನ್ ತಿಥಿ ವಡೆನ ನಾನೇ ಕರ್ದೆ ಕಣಕ್ಕ. ತಿಂದ್ಬುಟ್ಟು, ಉಪ್ಪು ಕಮ್ಮಿ ಅಂದ್ಲು."

ತಾಜ್ ಬೀ ಎದ್ದು ಟೀಗೆ ಇಟ್ಟಳು.

"ಈಗ ಅವಳ ಎಸ್ರಲ್ಲಿ ಸೇರ್ಕತೀನಿ," ಎಂದಳು ಜಯಲಕ್ಷ್ಮಮ್ಮ. "ಒಂದ್ನೇ ತಾರೀಕು ಬುಟ್ಬುಡ್ತೀನಿ. ಮಿಕ್ಕಿದ್ದು ನಿಮ್ಗೇ ಗೊತ್ತಲ್ಲ."

"ಏನ್ ಬೀಳಿಸ್ಲವ್ವ?"

"ಅಲಸ್ನಣ್ಗಿಂತ ದೊಡ್ಡದು."

ಊರಿಗೆ ಹೋದವಳು ಬಾಯಿ ಮುಚ್ಚಿಕೊಂಡು ಇರಲಿಲ್ಲ. ಕೆ.ಆರ್. ಪೇಟೆ ಕಡೆಯಿಂದ ಜನ ತಮ್ಮ ನಾದಿನಿಯರ, ಬೀಗರ, ಬದು ಒತ್ತಿದ ಪಕ್ಕದ ಹೊಲದವರ ಹೆಸರಿನಲ್ಲಿ ಸೇರತೊಡಗಿದರು. ವಾರದಲ್ಲಿ ನೂರ ಹತ್ತು ದಾಟಿತು. ತಾಜ್ ಬೀ ಮೂರು ದಿನ ಖುಷಿಯಾಗಿದ್ದಳು. ನಾಲ್ಕನೆಯ ದಿನ ಹೊಳೆಯಿತು. ಇವರೆಲ್ಲ ಬಂದಿರುವುದೇ ಹೋಗಲಿಕ್ಕೆ. ಅದಕ್ಕಿಂತ ಉರಿದದ್ದು ಬೇರೆ: ಅವಳ ಸ್ವಂತ ಸೇಡನ್ನು ಇವರು ಬಾಡಿಗೆಗೆ ಹಿಡಿದಿದ್ದರು.

ಒಂದನೇ ತಾರೀಖು ಹೊಸಬರೆಲ್ಲರೂ ಬಿಟ್ಟರು. ಹಳಬರಲ್ಲೂ ಎಂಟು ಜನ ಹೋಗಿ ನಲವತ್ತೆಂಟು ಉಳಿದರು. ಸಂಜೆ ಜಯಲಕ್ಷ್ಮಮ್ಮ ಫೋನು ಮಾಡಿ, ವರ್ಷದ ಚಂದಾ ಒಟ್ಟಿಗೇ ಹಾಕುತ್ತೇನೆ, ಸಾವು ಮಾತ್ರ ಚೆನ್ನಾಗಿರಲಿ ಎಂದಳು. ಅವಳ ಹಿಂದೆಯೇ ಬಿಟ್ಟ ಹೊಸಬರೂ ಅದನ್ನೇ ಹೇಳಿದರು. ತಾಜ್ ಬೀ ಎಲ್ಲರಿಗೂ, "ಕೇಳ್ಕಂಡಿರಿ," ಎಂದಷ್ಟೇ ಹೇಳಿ ರೆಕಾರ್ಡಿಂಗಿಗೆ ಕೂತಳು.

ಅಂದಿನ ಕಥೆಯಲ್ಲಿ ಯಾರೂ ಸಾಯಲಿಲ್ಲ. ಸಿಂಧಘಟ್ಟದ ಪುಟ್ಟಲಕ್ಷ್ಮಮ್ಮ ಮೇಲುಕೋಟೆ ಬೆಟ್ಟದಲ್ಲಿ ಯಾವುದೋ ಬೇರು ಜಗಿದಳು. ಇನ್ನು ನೂರ ನಲವತ್ತು ತುಂಬುವವರೆಗೆ ಅವಳಿಗೆ ನೆಗಡಿಯೂ ಬರುವುದಿಲ್ಲ. ದೊಡ್ಡ ಮನಸ್ಸಿನವಳು, ಮಿಕ್ಕ ಬೇರನ್ನು ಅಷ್ಟೂ ನಾದಿನಿಯರಿಗೆ, ಬೀಗರಿಗೆ, ಪಕ್ಕದ ಹೊಲದವರಿಗೆ ಹಂಚಿಬಿಟ್ಟಳು.

ಮಾರನೆಯ ಬೆಳಿಗ್ಗೆ ತಾಜ್ ಬೀ ತಾನಾಗಿಯೇ ಮಹಮ್ಮದನ ಅಂಗಡಿಯ ಮೆಟ್ಟಿಲು ಹತ್ತಿದಳು. ಅವನು ಹುಕ್ಕಿನ ಡಬ್ಬಿ ಮುಂದೆ ಸರಿಸಿದ. ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಸೂಜಿಗೆ ದಾರ ಪೋಣಿಸಿದಳು.

ಅದೇ ಹೊತ್ತಿಗೆ ಕೆ.ಆರ್. ಪೇಟೆಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಪುಟ್ಟಲಕ್ಷ್ಮಮ್ಮ ನೂರ ನಲವತ್ತರ ತನಕ ಬಾಳಿಕೆ ಬರುವಂಥ ಹೊಸ ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಬಾಯಿ ಅಗಲಿಸಿ ಕೂತಿದ್ದಳು. ಪಕ್ಕದಲ್ಲಿ ಜಯಲಕ್ಷ್ಮಮ್ಮ ಅತ್ತೆಯ ಎಲೆ ಅಡಿಕೆ ಚೀಲ ಹಿಡಿದು ನಿಂತಿದ್ದಳು.