ಪಕ್ಕದ ಕೋಣೆಯಲ್ಲಿ ತಮ್ಮ

ಕೆಮ್ಮು ಮೊದಲು ಗೋಡೆಯಿಂದ ಬಂತು, ಆಮೇಲೆ ಕಂಪ್ಯೂಟರಿನ ಪರದೆಯಿಂದ — ಒಂದೇ ಕೆಮ್ಮು, ಎರಡು ಸಲ, ಹಾಗಾದರೆ ಇಲ್ಲೇ ಇದ್ದಾನೆ, ಈ ಹಸಿರು ಬಳಿದ ಗೋಡೆಯ ಆಚೆಗೇ ಕೂತಿದ್ದಾನೆ ತಮ್ಮ, ಗೋಡೆಯೊಂದಿಲ್ಲದಿದ್ದರೆ ಕೈಗೆ ಸಿಗುವಷ್ಟು ಹತ್ತಿರ, ಪರದೆಯಲ್ಲಿ ನೋಡಿದರೆ ಮಾತ್ರ ಬಾವಿಯ ತಳದಲ್ಲಿ ಕೂತವನ ಹಾಗೆ ಕಾಣುತ್ತಾನೆ, ಅಕ್ಕಾ ಕೇಳಿಸ್ತಿದ್ಯಾ, ಕೇಳಿಸ್ತಿದೆ ಕಣೋ, ಎರಡೆರಡು ಸಲ ಕೇಳಿಸ್ತಿದೆ ಅನ್ನಬೇಕೆನಿಸಿತು ಅವಳಿಗೆ, ಅನ್ನದೆ ತಲೆಯಾಡಿಸಿದಳು. ಕೂದಲು ಎಷ್ಟು ಗಿಡ್ಡಕ್ಕೆ ಕತ್ತರಿಸಿಬಿಟ್ಟಿದ್ದಾರೆ, ಕಿವಿ ಎರಡೂ ಎದ್ದು ಕಾಣುತ್ತಿವೆ, ಅಮ್ಮ ನೋಡಿದ್ದರೆ — ಬೇಡ, ಈಗಲೇ ಬೇಡ, ಮೊದಲು ಊಟ ನಿದ್ದೆ ವಿಚಾರಿಸಬೇಕು, ಕೆಮ್ಮಿಗೆ ಔಷಧಿ ಕೊಟ್ಟರಾ ಕೇಳಬೇಕು, ಆಮೇಲೆ ಮೆಲ್ಲಗೆ, ಮೊದಲಿನ ಹಾಗೆ ಜೈಲಿನ ಜಾಲರಿಯ ಕೋಣೆಯಾಗಿದ್ದರೆ ಬೆರಳು ತೂರಿಸಿ ಅವನ ಬೆರಳು ಹಿಡಿದುಕೊಂಡೇ ಹೇಳಬಹುದಿತ್ತು, ಹೋದ ಸಲ ಅವನೇ ಹಿಡಿದುಕೊಂಡಿದ್ದ, ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವಳ ಬೆರಳ ತುದಿ ಸವರಿ, ಇನ್ನೂ ಎಷ್ಟು ಜನರ ಅಂಗಿ ಹೊಲೀತೀಯೆ ಅಕ್ಕ ಅಂದಿದ್ದ, ಕುಡಿದು ವ್ಯಾನು ಓಡಿಸಿ ಒಬ್ಬ ಸೈಕಲ್ಲಿನವನ ಜೀವ ತೆಗೆದವನು, ಇವನನ್ನು ದ್ವೇಷಿಸಬೇಕೆಂದು ಎಷ್ಟು ಸಲ ಮನಸ್ಸು ಗಟ್ಟಿ ಮಾಡಿಕೊಂಡಳು, ಬೆರಳು ತಾಗಿದ ಕೂಡಲೇ ಅಷ್ಟೂ ಕರಗಿಹೋಯಿತು.

ಆ ಕೋಣೆಗೆ ಈಗ ಬೀಗ. ದೂರದವರು ಮನೆಯಲ್ಲೇ ಕೂತು ಫೋನಿನಲ್ಲಿ ತಮ್ಮವರ ಮುಖ ನೋಡಲಿ ಎಂದು ಮೇಲಿನಿಂದ ಆದೇಶ ಬಂತಂತೆ, ಬಾಗಿಲಲ್ಲಿ ನಿಂತ ಕಾವಲಿನ ಹೆಂಗಸು ಹೇಳಿದ್ದು, ಜೈಲರ್ ಸಾಹೇಬರು ಅದನ್ನು ಓದಿ, ಹೊರಗಿನ ಫೋನಿಗೆ ಸಂಪರ್ಕ ಕೊಟ್ಟು ನಾಳೆ ಏನಾದರೂ ಎಡವಟ್ಟಾದರೆ ಯಾರ ತಲೆಗೆ ಬರುತ್ತದೆ ಎಂದರಂತೆ, ಹಾಗಾದರೆ ಎರಡು ಪರದೆಯನ್ನೂ ಕಾಂಪೌಂಡಿನ ಒಳಗೇ ಇಟ್ಟುಬಿಡೋಣ ಎಂದು ಗುಮಾಸ್ತ ದಾರಿ ತೋರಿಸಿದನಂತೆ, ಪರದೆಯಲ್ಲಿ ಎಷ್ಟು ಮಂದಿ ಮಾತಾಡಿದರೆಂದು ಮೇಲೆ ವರದಿ ಹೋಗಬೇಕಲ್ಲ, ಜಾಲರಿ ತೆರೆದಿದ್ದರೆ ಪರದೆಯ ಮುಂದೆ ಯಾರು ಬಂದು ಕೂರುತ್ತಾರೆ. ನೀವು ಬರೋ ಕಷ್ಟ ತಪ್ಪಲಿ ಅಂತ ಮಾಡಿದ್ದಮ್ಮ, ಅದಕ್ಕೂ ನೀವು ಇಲ್ಲಿಗೇ ಬರ್ಬೇಕು ನೋಡಿ. ಹೇಳುತ್ತಾ ನಕ್ಕಳು, ಇವಳ ಮುಖ ನೋಡಿ ನಗು ನುಂಗಿಕೊಂಡಳು, ಪಾಪ, ಅವಳೇನು ಮಾಡಿಯಾಳು. ಬಸ್ಸಿನ ಕಿಟಕಿಗೆ ತಲೆಯೊರಗಿಸಿ ದಾರಿಯುದ್ದಕ್ಕೂ ಇವಳು ಮಾತು ಜೋಡಿಸಿಕೊಂಡು ಬಂದಿದ್ದಳು, ಒಂದೂ ಈ ಪರದೆಗೆ ಹೊಂದುತ್ತಿಲ್ಲ.

ಅಮ್ಮನಿಗೆ ಕಾಯಿಲೆ ಜಾಸ್ತಿಯಾದಾಗ ಅವನನ್ನು ಕಳಿಸಿಕೊಡಿ ಎಂದು ಇದೇ ಗುಮಾಸ್ತನ ಎದುರು ನಿಂತಿದ್ದಳಲ್ಲ, ಮೊದಲಾದರೆ ಕಾಗದದಲ್ಲಿ ಬರೆದುಕೊಟ್ಟರೆ ಸಾಹೇಬರು ಅಲ್ಲೇ ಸಹಿ ಹಾಕುತ್ತಿದ್ದರಂತೆ, ಈಗ ಎಲ್ಲ ಕಂಪ್ಯೂಟರಿನಲ್ಲಿ ಹೋಗಿ ಬರಬೇಕು, ಹೋಯಿತು, ಎಲ್ಲಿಗೆ ಹೋಯಿತೋ, ಅಮ್ಮ ಕಾಯುತ್ತಾಳೆ, ಕಣ್ಣು ಮುಚ್ಚಿಕೊಂಡೇ, ಮೊಂಡ ಬಂದ್ನಾ ಅನ್ನುತ್ತಾಳೆ, ಚಿಕ್ಕಂದಿನಿಂದ ಅವನಿಗೆ ಅದೇ ಹೆಸರು, ಬರ್ತಿದಾನಮ್ಮ, ದಾರೀಲಿದಾನೆ, ಸುಳ್ಳು ಹೇಳಿ ಹೇಳಿ ನಾಲಿಗೆ ಒಣಗಿತು, ಮತ್ತೆ ಎಲ್ಲ ಮುಗಿದು ಅಮ್ಮನ ಹೊದಿಕೆ ಮಡಚುತ್ತಿದ್ದಾಗ ಫೋನು ಟಿಣ್ ಅಂತು, ನಿಮ್ಮ ಅರ್ಜಿಯನ್ನು ಅಂಗೀಕರಿಸಲಾಗಿದೆ. ಈಗಲಾದರೂ ಕಳಿಸಿ ಸ್ವಾಮಿ ಎಂದು ಫೋನು ಮಾಡಿದರೆ ಗುಮಾಸ್ತ ಅರ್ಜಿ ತೆಗೆದು ನೋಡಿದ. ತಾಯಿ ಅನಾರೋಗ್ಯ ಅಂತ ಕಾರಣ ಕೊಟ್ಟಿದೀರಮ್ಮ, ಆ ಕಾರಣ ಈಗ ಇಲ್ವಲ್ಲ. ಒರಟಾಗಿ ಹೇಳಲಿಲ್ಲ, ಹೊಸದಾಗಿ ಅರ್ಜಿ ಹಾಕಿ ಅಂದ. ತಮ್ಮನಿಗೆ ನೀವು ಯಾರೂ ಹೇಳಬೇಡಿ, ನಾನೇ ಬಂದು ಹೇಳ್ತೀನಿ ಅಂದಿದ್ದಳು.

ಹೇಳು ಈಗ. ಅಕ್ಕಾ, ಏನು ಯೋಚ್ನೆ — ಗೋಡೆಯಿಂದ — ಏನು ಯೋಚ್ನೆ — ಪರದೆಯಿಂದ, ಇಲ್ಲಿ ನಾನೀಗ ಅಡಿಗೆ ಮನೆ ಮೇಸ್ತ್ರಿ ಕಣೆ, ಉಪ್ಪು ನನ್ನ ಕೈಲೇ ಹಾಕಿಸ್ತಾರೆ, ಮನೇಲಿ ಒಂದು ಲೋಟ ತೊಳೀದವನು ಅಂತ ಅಮ್ಮಂಗೆ ಹೇಳು, ನಂಬಲ್ಲ ಅವಳು, ಅಂದು ನಕ್ಕ, ಎಷ್ಟು ದಿನದ ಮೇಲೆ ಹೀಗೆ ನಗುತ್ತಿದ್ದಾನೆ, ಕಣ್ಣು ಸಣ್ಣಗೆ ಮಾಡಿ, ಓರೆ ಹಲ್ಲು ತೋರಿಸಿ, ಇದೊಂದು ನಗು ಮುಗಿಯಲಿ, ಮುಗಿದ ಮೇಲೆ ಹೇಳೋಣ ಅಂದುಕೊಂಡವಳ ಬಾಯಿಂದ ಅದು ತಾನಾಗಿ ಬಂದುಬಿಟ್ಟಿತು. ಅಮ್ಮ ಹೋದ್ಲು ಕಣೋ ಮೊಂಡ. ಪರದೆಯ ಚಿತ್ರ ಹಾಗೇ ನಿಂತುಹೋಯಿತು. ಅವನು ನಗುತ್ತಿದ್ದಾನೆ. ಕೇಳಿಸಲಿಲ್ಲವೇ, ಇನ್ನೊಮ್ಮೆ ಹೇಳಬೇಕೇ, ಇನ್ನೊಮ್ಮೆ ಹೇಗೆ ಹೇಳುವುದು, ಕಣ್ಣು ಸಣ್ಣಗೆ, ಓರೆ ಹಲ್ಲು, ನಗುತ್ತಿದ್ದಾನೆ — ಗೋಡೆಯಾಚೆ ಕುರ್ಚಿ ಸರಿದ ಸದ್ದು, ಏನೋ ಬಿದ್ದ ಸದ್ದು, ಆಮೇಲೆ ಅವಳು ಹುಟ್ಟಿದಾಗಿನಿಂದ ಕೇಳದಿದ್ದ ಒಂದು ದನಿ, ಅಮ್ಮಾ ಎಂದೂ ಆಗದ, ಮಾತೂ ಆಗದ ದನಿ, ತನ್ನ ಮಾತು ಪರದೆಯ ಮೂಲಕ ಹೋಯಿತೋ ಗೋಡೆಯ ಮೂಲಕ ಹೋಯಿತೋ, ಅಂತೂ ತಲುಪಿದೆ, ನೆಟ್‌ವರ್ಕ್ ಹೋಯ್ತಮ್ಮ, ಸ್ವಲ್ಪ ತಡೀರಿ ಸರಿಹೋಗುತ್ತೆ ಎನ್ನುತ್ತಾಳೆ ಕಾವಲಿನವಳು, ಇವಳು ಎದ್ದು ಎರಡೂ ಅಂಗೈ ಹಸಿರು ಗೋಡೆಗೆ ಒತ್ತಿ ನಿಂತಿದ್ದಾಳೆ, ಗೋಡೆ ತಣ್ಣಗಿದೆ, ಆ ದನಿ ಅಂಗೈಗೇ ಬಂದು ತಾಗುತ್ತಿದೆ, ತಿರುಗಿ ನೋಡಬಾರದು, ನೋಡಿದಳು, ನಗುತ್ತಿದ್ದಾನೆ, ಕಣ್ಣು ಸಣ್ಣಗೆ ಮಾಡಿ, ಓರೆ ಹಲ್ಲು ತೋರಿಸಿ, ನಗುತ್ತಿದ್ದಾನೆ