ಹಿಟ್ಟಿನ ಮೇಲೆ ಎಣ್ಣೆಯ ಗೆರೆ

ಬಯಲಿನ ಕುರಿಗಳನ್ನು ಬೈಕುಗಳಲ್ಲಿ ಅಟ್ಟಿ ತರುವ ಕೆಲಸ ಮರುದಿನವೇ ಶುರು. ಡೆಲ್ಮಾಳ ಬೈಕು ಮಾತ್ರ ನಿಂತಲ್ಲೆಲ್ಲ ಆಯಿಲ್ ತೊಟ್ಟಿಕ್ಕಿಸುತ್ತಿತ್ತು.

"ಎಂಜಿನ್ ಕೆಳಗಿನ ಗ್ಯಾಸ್ಕೆಟ್ ಎರಡು ಸಲ ಬದಲಾಯಿಸ್ದೆ, ಸೋರೋದು ನಿಲ್ಲಲಿಲ್ಲ. ಬಯಲಲ್ಲಿ ಕೆಟ್ಟು ನಿಂತ್ರೆ ನಿನ್ನ ಹುಡುಕೋರು ಯಾರು? ನಾಳೆ ನೀನು ಬ್ರೆಡ್ ಸುಟ್ಕೊಂಡು ಮನೇಲಿರು" ಎಂದ ಚಿಕ್ಕಪ್ಪ ಬ್ರೆಂಟನ್.

"ತೊಟ್ಟಿಕ್ಕೋದು ಕೆಳಗೆ, ಚಿಕ್ಕಪ್ಪ. ಸೋರೋದೂ ಅಲ್ಲೇ ಅಂತ ಯಾರು ಹೇಳಿದ್ರು?"

ಎಂಜಿನ್ನಿಗೆ ಮೆತ್ತಿದ್ದ ಕೆಂಪು ಮಣ್ಣು, ಜಿಡ್ಡನ್ನೆಲ್ಲ ಅವಳು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದಳು. ಬ್ರೆಡ್ಡಿಗೆಂದು ಇಟ್ಟಿದ್ದ ಹಿಟ್ಟನ್ನು ತಂದು, ಮಗುವಿಗೆ ಪೌಡರ್ ಹಾಕುವಂತೆ ಮೇಲಿಂದ ಕೆಳಗಿನವರೆಗೂ ಉದುರಿಸಿದಳು.

"ಏನಮ್ಮಾ, ಬೈಕಿಗೆ ಮದುವೇನಾ?" ಎಂದ ಚಿಕ್ಕಪ್ಪ.

ಬೇಲಿಯ ಗೇಟಿನವರೆಗೆ ಓಡಿಸಿಕೊಂಡು ಬಂದಾಗ ಆ ಬಿಳುಪಿನ ಮೇಲೆ ಒಂದೇ ಒಂದು ಕಪ್ಪು ಗೆರೆ ಮೂಡಿತ್ತು. ಕಥೆಯೊಳಗಿನ ಕಳ್ಳನ ಹೆಜ್ಜೆಯಂತೆ ಅದು ಎಂಜಿನ್ನಿನ ನೆತ್ತಿಯ ಮುಚ್ಚಳದಿಂದ ಹೊರಟು, ಹಿಂಬದಿಯಲ್ಲಿ ಕೆಳಗಿಳಿದಿತ್ತು. ಡೆಲ್ಮಾ ಮುಚ್ಚಳ ಬಿಚ್ಚಿದಳು. ಅದರ ಅಂಚಿನ ರಬ್ಬರ್ ಪಟ್ಟಿಯಡಿ ಸಿಕ್ಕಿಕೊಂಡಿತ್ತು ಗುಂಗುರು ಉಣ್ಣೆಯ ಒಂದು ಎಳೆ. ಹೋದ ತಿಂಗಳು ಚಿಕ್ಕಪ್ಪ ಆ ಮುಚ್ಚಳ ಬಿಚ್ಚಿ ಮತ್ತೆ ಕೂರಿಸಿದ್ದು ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ!

ಅವಳು ಎಳೆ ತೆಗೆದು, ಒರೆಸಿ, ಮುಚ್ಚಳ ಬಿಗಿದು, ಮತ್ತೆ ಹಿಟ್ಟು ಹಾಕಿ ಗೇಟಿಗೆ ಹೋಗಿ ಬಂದಳು. ಹಿಟ್ಟು ಬೆಳ್ಳಗೇ ಇತ್ತು.

ಚಿಕ್ಕಪ್ಪ ಉಣ್ಣೆಯ ಎಳೆಯನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಶೆಡ್ಡಿನ ಕಡೆ ತಿರುಗಿ, ಅಲ್ಲಿದ್ದ ಕೆಲಸದವರಿಗೆಲ್ಲ ಕೇಳುವಂತೆ ಕೂಗಿದ: "ನಾಳೆ ಎಲ್ಲರಿಗಿಂತ ಮುಂದೆ ನಮ್ಮ ಡೆಲ್ಮಾ ಹೋಗ್ತಾಳೆ ಕಣ್ರೋ! ಬ್ರೆಡ್ ನಾನೇ ಸುಡ್ತೀನಿ."

"ಹಿಟ್ಟು ಸ್ವಲ್ಪ ಉಳಿಸಿದೀನಿ ಚಿಕ್ಕಪ್ಪ" ಎಂದಳು ಡೆಲ್ಮಾ, ಎಣ್ಣೆಗೈಯನ್ನು ಸೊಂಟದ ಮೇಲಿಟ್ಟುಕೊಂಡು.